ಎರಡು ಗೇಣು ಒಂದು ಬೆರಳಿನ ಬ್ಯಾಗು

ನಮ್ಮ ಕಡೆ ಯಾವ ಕೆಲಸವನ್ನೂ ಒಬ್ಬನೇ ಮಾಡಿ ಮುಗಿಸಲು ಆಗುವುದಿಲ್ಲ. ನಾನು ಪ್ರಯತ್ನಿಸಿ ನೋಡಿದ್ದೇನೆ. ಬೆಟ್ಟ ಹತ್ತಲು ಒಂದು ಬ್ಯಾಗು ಆರಿಸುವುದು ಎಷ್ಟು ಸಣ್ಣ ಕೆಲಸ. ಅದಕ್ಕೂ ಅಪ್ಪ, ಅವ್ವ, ಅಜ್ಜಿ, ಸೋದರಮಾವ, ಗುರುತಿಲ್ಲದ ಒಬ್ಬ ದಿನಸಿ ಅಂಗಡಿಯವರು ಮತ್ತು ಐದು ಕೋಳಿಗಳು ಸೇರಿಕೊಂಡರು.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಭಾರತೀನಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೇನೆ. ನಮ್ಮೂರು ಅಲ್ಲಿಂದ ಎಂಟು ಕಿಲೋಮೀಟರ್. ಯಾವುದನ್ನಾದರೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಮುಂದಿನದೆಲ್ಲ ಆ ನೋಟ್‌ಬುಕ್ಕಿನಿಂದ.

ಬದನೆಕಾಯಿ

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ತಿಂಗಳಿಗೊಂದು ಭಾನುವಾರ ಅಧ್ಯಾಪಕರನ್ನು ಬೆಟ್ಟಕ್ಕೆ ಕರೆದೊಯ್ಯುತ್ತಾರೆ. ವರ್ಷಕ್ಕೊಮ್ಮೆ ಒಂದು ರಾತ್ರಿ ತಂಗುವ ಎರಡು ದಿನದ ಚಾರಣ. ಅದಕ್ಕೆ ಹನ್ನೆರಡೇ ಜಾಗ. ಸೇರಬೇಕಾದರೆ ಮೊದಲು ಒಂದು ದಿನದ ಪರೀಕ್ಷೆ ಪಾಸಾಗಬೇಕು. ನಿಯಮ ಎರಡು. ಬ್ಯಾಗು ಎಂಟು ಕಿಲೋ ಮೀರಬಾರದು. ಹತ್ತಿ ಇಳಿಯುವವರೆಗೆ ಅದು ಸ್ವಂತ ಬೆನ್ನಿನ ಮೇಲೇ ಇರಬೇಕು.

ನಾನು ಒಂದು ತಪ್ಪು ಮಾಡಿದೆ. ಪರೀಕ್ಷೆಗೆ ಮೊದಲೇ ನನ್ನ ತರಗತಿಯಲ್ಲಿ, ಈ ಸಲ ನಾನೂ ಹೋಗುತ್ತಿದ್ದೇನೆ ಎಂದು ಹೇಳಿಬಿಟ್ಟೆ. ಗುರುತ್ವಾಕರ್ಷಣೆಯ ಪಾಠ ನಡೆಯುತ್ತಿತ್ತು, ಉದಾಹರಣೆಗೆ ಬೇಕಾಯಿತು.

ಆಗ ನನ್ನಲ್ಲಿದ್ದದ್ದು ಬೀಜದ ಕಂಪನಿಯವರು ಅಪ್ಪನಿಗೆ ಪುಕ್ಕಟೆ ಕೊಟ್ಟಿದ್ದ ಬ್ಯಾಗು. ಅದರ ಬೆನ್ನ ಮೇಲೆ ಮೊಣಕೈಯಷ್ಟು ಉದ್ದದ ಬದನೆಕಾಯಿಯ ಚಿತ್ರ. ಪರೀಕ್ಷೆಯ ದಿನ ಬೆಟ್ಟದ ಅರ್ಧ ದಾರಿಯಲ್ಲಿ ಎಡಗಡೆಯ ಪಟ್ಟಿ ಹರಿಯಿತು. ಬ್ಯಾಗು ಬೆನ್ನಿನಿಂದ ಜಾರಿ, ಬಂಡೆಯ ಮೇಲೆ ಎರಡು ಸಲ ಪುಟಿದು, ಬದನೆಕಾಯಿ ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಗುತ್ತ ಉರುಳಿಹೋಯಿತು. ಕೆಳಗೆ ಮೇಕೆ ಮೇಯಿಸುತ್ತಿದ್ದ ಮುದುಕಿಯೊಬ್ಬಳು ಅದನ್ನು ಹಿಡಿದು ನಿಲ್ಲಿಸಿ, ನಾನು ಏದುಸಿರು ಬಿಡುತ್ತ ಇಳಿದು ಹೋದಾಗ ಕನಿಕರದಿಂದ ಕೇಳಿದಳು.

"ಬದ್ನೆಕಾಯಿ ಮಾರಕ್ಕೆ ಸಂತೆಗೋಗದ್ ಬುಟ್ಟು ಬೆಟ್ಟಕ್ಯಾಕಪ್ಪ ಬಂದೆ?"

ಮೇಡಂ ನನ್ನ ಹೆಸರು ಹೊಡೆದುಹಾಕಿದರು. ಬ್ಯಾಗಿನದು ತಪ್ಪು, ನನ್ನದಲ್ಲ ಎಂದು ವಾದಿಸಿದೆ. ಬ್ಯಾಗು ಆರಿಸಿದ್ದು ಯಾರು ಎಂದು ಕೇಳಿದರು. ಕೊನೆಗೆ, ಮುಂದಿನ ತಿಂಗಳು ಇನ್ನೊಂದು ಪರೀಕ್ಷೆ ಇದೆ, ಸರಿಯಾದ ಬ್ಯಾಗಿನೊಂದಿಗೆ ಬನ್ನಿ, ಅದೇ ಕೊನೆಯದು ಎಂದರು.

ನಮ್ಮೂರಿನ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಾಳೆ. ಆದ್ದರಿಂದ ಸುದ್ದಿ ಹರಡಲು ಬೇರೆ ಏರ್ಪಾಡು ಬೇಕಿರಲಿಲ್ಲ. ಸೋಮವಾರ ತರಗತಿಗೆ ಹೋದೆ. ಎಲ್ಲರೂ ಎದ್ದು ನಿಂತು, ಎಂದೂ ಇಲ್ಲದ ವಿನಯದಿಂದ ನಮಸ್ಕಾರ ಹೇಳಿದರು. ಕಪ್ಪುಹಲಗೆಯ ಮೇಲೆ ಇಳಿಜಾರಿನ ಚಿತ್ರವಿತ್ತು. ಕೋನ, ಘರ್ಷಣೆ, ಬಾಣದ ಗುರುತು, ಎಲ್ಲ ಸರಿಯಾಗಿತ್ತು. ಜಾರುತ್ತಿದ್ದ ವಸ್ತು ಮಾತ್ರ ಬದನೆಕಾಯಿ.

ಬೆನ್ನು ಅಳೆದದ್ದು

ನಾನು ಓದಿ ತಿಳಿದುಕೊಂಡೆ. ಒಂದು ದಿನದ ನಡಿಗೆಗೆ ಇಪ್ಪತ್ತೈದು ಮೂವತ್ತು ಲೀಟರಿನ ಬ್ಯಾಗು ಸಾಕು. ರಾತ್ರಿ ತಂಗುವುದಾದರೆ ನಲವತ್ತು ಬೇಕು. ಭಾರ ಹೆಗಲ ಮೇಲಲ್ಲ, ಸೊಂಟದ ಮೇಲೆ ಕೂರಬೇಕು. ಅದಕ್ಕೆ ಸೊಂಟದ ಪಟ್ಟಿ ಗಟ್ಟಿಯಾಗಿರಬೇಕು. ಎಲ್ಲಕ್ಕಿಂತ ಮುಖ್ಯ, ಬ್ಯಾಗಿನ ಉದ್ದ ನಮ್ಮ ಬೆನ್ನಿನ ಉದ್ದಕ್ಕೆ ಹೊಂದಬೇಕು. ಬೆನ್ನಿನ ಉದ್ದವೆಂದರೆ, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮಟ್ಟದವರೆಗೆ.

ಇದನ್ನು ಒಬ್ಬನೇ ಅಳೆದುಕೊಳ್ಳಲು ಆಗುವುದಿಲ್ಲ. ಅಪ್ಪನನ್ನು ಕರೆದೆ.

ಅಪ್ಪ ಇಪ್ಪತ್ತು ವರ್ಷ ಎತ್ತಿನ ಗಾಡಿಯಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವನು. ಟೇಪು ಹುಡುಕುತ್ತ ಕೂರುವ ಜಾಯಮಾನದವನಲ್ಲ. ಅಂಗಳದಲ್ಲಿ ನಿಲ್ಲಿಸಿ ಅಂಗಿ ಬಿಚ್ಚಿಸಿದ. ಮೂಳೆ ತೋರಿಸಿದೆ. ಗೇಣು ಹಾಕಿದ. ಎರಡು ಗೇಣು, ಒಂದು ಬೆರಳು. ಅವನ ಗೇಣನ್ನು ಸ್ಕೇಲಿನಲ್ಲಿ ಅಳೆದೆ, ಇಪ್ಪತ್ತೆರಡೂವರೆ ಸೆಂಟಿಮೀಟರ್. ಬೆರಳು ಎರಡು. ಒಟ್ಟು ನಲವತ್ತೇಳು. ಬರೆದುಕೊಂಡೆ.

ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ಬೆನ್ನಿಗೆ ಎರಡು ಸಲ ಚಪ್ಪರಿಸಿದ. ಹೆಗಲ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ನಾಲ್ಕು ಹೆಜ್ಜೆ ನಡೆಯಲು ಹೇಳಿ, ಪಕ್ಕಕ್ಕೆ ಬಗ್ಗಿ ಕಾಲು ಹೇಗೆ ಬೀಳುತ್ತದೆ ಎಂದು ಗಮನಿಸಿದ. ತಿರುಗಿ ಬರಲು ಹೇಳಿದ. ಜಗುಲಿಯ ಮೇಲಿದ್ದ ಅಜ್ಜಿ, ಮೊಮ್ಮಗನಿಗೆ ಹೆಣ್ಣಿನ ಕಡೆಯವರು ಬಂದಿದ್ದಾರೇನೋ ಎಂಬಂತೆ ಸೆರಗು ಸರಿಮಾಡಿಕೊಂಡು ಕುಳಿತಳು.

ಆಮೇಲೆ ಅಪ್ಪ ಒಂದು ಮಾತು ಹೇಳಿದ. ನಾನು ಓದಿದ್ದ ಎಂಟು ಪುಟ ಅದರಲ್ಲಿ ಅಡಗಿತ್ತು. ಹೊರೆ ಹಿಂದಕ್ಕೆ ಎಳೆಯಬಾರದು. ಗಾಡಿ ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತಿನ ಕತ್ತಿಗೆ ಉರುಳು ಬೀಳುತ್ತದೆ. ತೂಕದ ಸಾಮಾನು ಮೈಗೆ ಒತ್ತಿಕೊಂಡಿರಬೇಕು, ಹಗುರದ್ದು ಆಚೆಗಿರಬೇಕು.

ಅದನ್ನೂ ಬರೆದುಕೊಂಡು, ಎಲ್ಲ ಮುಗಿಯಿತೇ ಎಂದು ಕೇಳಿದೆ. ಅಪ್ಪ ನನ್ನ ಮುಖವನ್ನೊಮ್ಮೆ ದಿಟ್ಟಿಸಿದ.

"ಮುಗೀತು ಓಗು. ಅಲ್ಲು ನೋಡ್ಬೇಕಾಗಿತ್ತು. ವಯಸ್ಸು ಎಂಗೂ ನಂಗೇ ಗೊತ್ತಲ್ಲ, ಬುಡು."

ಬೆಲ್ಲದ ಹಿಂದೆ ಬಂದವರು

ಮಂಡ್ಯದಲ್ಲಿ ನಾಲ್ಕು ಅಂಗಡಿ ನೋಡಿದೆ. ಮೂರರಲ್ಲಿ ಶಾಲೆಯ ಬ್ಯಾಗುಗಳಿದ್ದವು. ನಾಲ್ಕನೆಯವರ ಹತ್ತಿರ ಬೆಟ್ಟದ ಬ್ಯಾಗು ಎರಡಿದ್ದವು, ಒಂದು ಕಡುನೀಲಿ, ಒಂದು ಬೂದಿ. ಎರಡರಲ್ಲೂ ಸೊಂಟದ ಪಟ್ಟಿ ಇತ್ತು, ಮಳೆಗೆ ಮುಸುಕು ಇತ್ತು. ಅಂಗಡಿಯವರು ನೀಲಿ ಬಣ್ಣ ನನಗೆ ಒಪ್ಪುತ್ತದೆ ಎಂದರು. ನಾನು ಬಣ್ಣ ಕೇಳಿರಲಿಲ್ಲ. ಖಾಲಿ ಬ್ಯಾಗು ಹಾಕಿಕೊಂಡು ನೋಡಿದರೆ ಯಾವುದೂ ಗೊತ್ತಾಗುವುದಿಲ್ಲ, ಎಂಟು ಕಿಲೋ ತುಂಬಿ ಸ್ವಲ್ಪ ದೂರ ನಡೆಯಬೇಕು ಎಂದೆ.

ಅವರು ಅಂಗಡಿ ಇಟ್ಟಾಗಿನಿಂದ ಇಂಥದ್ದನ್ನು ಯಾರೂ ಕೇಳಿರಲಿಲ್ಲವಂತೆ. ಆದರೆ ಒಳ್ಳೆಯ ಮನುಷ್ಯ. ಪಕ್ಕದ ದಿನಸಿ ಅಂಗಡಿಗೆ ಹೋಗಿ ಎಂಟು ಕಿಲೋ ಅಚ್ಚು ಬೆಲ್ಲ ಕಡ ತಂದರು. ನಮ್ಮ ಜಿಲ್ಲೆಯಲ್ಲಿ ತೂಕ ಬೇಕೆಂದರೆ ಮೊದಲು ಕೈಗೆ ಸಿಗುವುದು ಬೆಲ್ಲವೇ.

ನೀಲಿ ಬ್ಯಾಗಿಗೆ ಬೆಲ್ಲ ತುಂಬಿ, ಪಟ್ಟಿ ಬಿಗಿದು ಬೀದಿಗೆ ಇಳಿದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದು. ದಿನಸಿ ಅಂಗಡಿಯವರು. ದುಂಡನೆಯ ಮೈ, ಬನಿಯನ್ನು, ಕಿವಿಯ ಮೇಲೆ ಪೆನ್ನು. ನಾನು ನಿಂತರೆ ಅವರೂ ನಿಲ್ಲುತ್ತಾರೆ, ನಡೆದರೆ ನಡೆಯುತ್ತಾರೆ. ತಿರುಗಿ ನೋಡಿದೆ. ಅವರು ಬೇರೆ ಕಡೆ ನೋಡುತ್ತ, ನನಗೂ ಒಂದಿಷ್ಟು ಗಾಳಿ ಬೇಕಿತ್ತು ಎಂದರು.

ನಾನು ಬೇಗ ತೀರ್ಮಾನಿಸುವವನಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ಮೂರು ಸುತ್ತು ನೀಲಿ. ಆಮೇಲೆ ಬೆಲ್ಲವನ್ನು ಬೂದಿಗೆ ಬದಲಾಯಿಸಿ ಮೂರು ಸುತ್ತು. ನೀಲಿಯ ಬೆನ್ನು ನನಗೆ ಎರಡು ಬೆರಳು ಗಿಡ್ಡ, ಭಾರವೆಲ್ಲ ಹೆಗಲಿಗೇ ಬಿತ್ತು. ಬೂದಿಯದ್ದು ಸರಿಯಾಗಿ ಸೊಂಟದ ಮೇಲೆ ಕೂತಿತು. ಆದರೂ ಮತ್ತೊಮ್ಮೆ ನೀಲಿ ನೋಡಿ ಖಚಿತ ಮಾಡಿಕೊಳ್ಳೋಣ ಎಂದು ಬೆಲ್ಲ ತೆಗೆಯಲು ಹೊರಟೆ.

ದಿನಸಿ ಅಂಗಡಿಯವರು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಬನಿಯನ್ನು ಒದ್ದೆಯಾಗಿ ಮೈಗೆ ಅಂಟಿತ್ತು.

"ಸಾ, ಬೂದೀದೇ ತಗಳಿ. ನಿಮ್ ಬೆನ್ ಇಚಾರ ನಂಗೊತ್ತಿಲ್ಲ. ನನ್ ಕಾಲ್ ಸೋತೋಯ್ತು."

ಸೇರು

ಬ್ಯಾಗಿನ ಚೀಟಿಯ ಮೇಲೆ ನಲವತ್ತು ಲೀಟರ್ ಎಂದಿತ್ತು. ಚೀಟಿಯನ್ನು ನಂಬುವುದು ವಿಜ್ಞಾನವಲ್ಲ. ಆದರೆ ಬ್ಯಾಗಿಗೆ ನೀರು ತುಂಬಿ ಅಳೆಯಲು ಆಗುವುದಿಲ್ಲ. ನಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿಯನ್ನು ವಿಚಾರಿಸಿದೆ. ಅವರು ಮೂಲೆಯಲ್ಲಿದ್ದ ಕ್ಯಾನು ತೋರಿಸಿ, ನಲವತ್ತು ಲೀಟರ್ ಅಂದರೆ ಇಷ್ಟು, ಇದನ್ನು ಹೊತ್ತು ಬೆಟ್ಟಕ್ಕೆ ಹೋಗುವ ಬದಲು ಮೇಲೆ ಒಂದು ಹಸು ಕಟ್ಟು ಎಂದರು.

ರಾಗಿಯಲ್ಲಿ ಅಳೆಯುವುದೆಂದು ತೀರ್ಮಾನಿಸಿದೆ. ಮನೆಯ ಹಳೆಯ ಸೇರನ್ನು ಲ್ಯಾಬಿಗೆ ಒಯ್ದು, ಅದು ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದು ಮೊದಲೇ ಗುರುತು ಹಾಕಿಕೊಂಡಿದ್ದೆ. ರಾಗಿಯ ಪಾತ್ರೆಗೆ ಕೈ ಹಾಕುವಷ್ಟರಲ್ಲಿ ಅಜ್ಜಿ ಬಂದಳು. ಈ ಮನೆಯಲ್ಲಿ ರಾಗಿ ಅಳೆಯುವುದು ಅವಳ ಅಧಿಕಾರ. ಸೇರು ಕಸಿದುಕೊಂಡಳು.

ಮೊದಲನೆಯ ಸೇರು ಸುರಿದು ಲಾಭ ಎಂದಳು. ನಮ್ಮಲ್ಲಿ ಧಾನ್ಯ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಒಂದು ಎಂದು ಬರೆದೆ. ಅಜ್ಜಿ ನೋಡಿ, ಅಳಿಸಿ ಲಾಭ ಅಂತ ಬರಿ ಎಂದಳು. ಬರೆದೆ. ನನ್ನ ನೋಟ್‌ಬುಕ್ಕಿನಲ್ಲಿ ಅಂಕಿಯಲ್ಲದ ಅಳತೆ ಅದೊಂದೇ.

ಬ್ಯಾಗು ತುಂಬಿ ಕಂಠಕ್ಕೆ ಬಂದಾಗ ಲೆಕ್ಕ ಹಾಕಿದೆ. ಮೂವತ್ತೆರಡು ಲೀಟರ್. ಎಂಟು ಕಡಿಮೆ. ಕಂಪನಿಗೆ ಬರೆಯಬೇಕಾದ ದೂರಿನ ಮೊದಲ ಸಾಲು ಮನಸ್ಸಿನಲ್ಲೇ ಸಿದ್ಧವಾಯಿತು. ಆಗ ಅಜ್ಜಿಯ ಕೈಯಲ್ಲಿದ್ದ ಸೇರಿನ ಕಡೆ ಕಣ್ಣು ಹೋಯಿತು. ರಾಗಿ ಸೇರಿನ ಅಂಚಿನಿಂದ ಗೋಪುರದಂತೆ ಎದ್ದಿತ್ತು. ಮೊದಲಿನಿಂದಲೂ ಹಾಗೆಯೇ ಅಳೆದಿದ್ದಾಳೆ. ಅಂಚಿಗೆ ಸರಿಯಾಗಿ ಸವರಿ ಅಳೆಯಬೇಕಿತ್ತು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಎಂದು ವಿವರಿಸಿದೆ.

ಅಜ್ಜಿಗೆ ಅವಮಾನವಾಯಿತು.

"ಮನೆ ಮಗೀಗೆ ಯಾರಾರ ಸವ್ರಿ ಅಳೀತಾರ್ಲಾ?"

ಇನ್ನೊಮ್ಮೆ ಅಳೆಯಲು ಧೈರ್ಯ ಸಾಲಲಿಲ್ಲ. ಚೀಟಿಯನ್ನೇ ನಂಬಿದೆ. ಅವ್ವ ಬ್ಯಾಗಿನ ರಾಗಿಯನ್ನು ಪಾತ್ರೆಗೆ ಹಿಂದಕ್ಕೆ ಸುರಿದುಕೊಂಡಳು. ಎಲ್ಲ ಬಂತು ಎಂದುಕೊಂಡಿದ್ದೆವು. ಹೊಲಿಗೆಯ ಸಂದು, ಜೇಬಿನ ಮಡಿಕೆ, ಸೊಂಟದ ಪಟ್ಟಿಯ ಮೆತ್ತೆ, ಇಲ್ಲೆಲ್ಲ ಉಳಿದದ್ದು ಮರುದಿನ ಬೆಳಗ್ಗೆ ಗೊತ್ತಾಯಿತು. ಅಭ್ಯಾಸಕ್ಕೆಂದು ಬ್ಯಾಗು ಹಾಕಿ ಊರಿನ ಬೀದಿಯಲ್ಲಿ ಹೊರಟೆ. ಹೆಜ್ಜೆಗೆ ನಾಲ್ಕು ಕಾಳಿನಂತೆ ಉದುರುತ್ತಿತ್ತು. ಊರ ಬಾಗಿಲು ದಾಟುವಾಗ ಹಿಂದೆ ಐದು ಕೋಳಿ. ಸಾಲಾಗಿ, ಶಿಸ್ತಾಗಿ.

ಕೋಳಿಗಳ ಒಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಓಡಿಸಿದರೆ ಹೋಗುತ್ತಿಲ್ಲ, ನೀವೇ ಕರೆಯಿರಿ ಎಂದು ಕೇಳಿಕೊಂಡೆ. ಅವಳು ಅಲ್ಲಾಡಲಿಲ್ಲ.

"ಕರ್ಕೊಂಡೋಗಪ್ಪ. ಸಂಜೆಗೆ ಎಣಿಸ್ಕತೀನಿ."

ಲಿಫ್ಟು

ರಾಗಿ ಪೂರ್ತಿ ಉದುರಿದ ಮೇಲೆ, ಅಂದರೆ ಹಾಗೆಂದು ನಾನು ನಂಬಿದ ಮೇಲೆ, ದಿನವೂ ಬ್ಯಾಗು ಹೊತ್ತು ಕಾಲೇಜಿನವರೆಗೆ ನಡೆಯತೊಡಗಿದೆ. ಹಿಂದಿನ ಸಂಜೆ ಎಂಟು ಕಿಲೋ ಸರಿಯಾಗಿ ತೂಗಿ ಇಡುತ್ತಿದ್ದೆ. ಬೆಳಗ್ಗೆ ಹೊತ್ತಾಗ ಏನೋ ವ್ಯತ್ಯಾಸ. ಕಾಲೇಜಿನ ಲ್ಯಾಬಿನಲ್ಲಿ ಬಿಚ್ಚಿದರೆ ಒಳಗೆ ಒಂದು ತೆಂಗಿನಕಾಯಿ. ಇನ್ನೊಂದು ದಿನ ಒಂದು ಚಿಪ್ಪು ಬಾಳೆಹಣ್ಣು. ಮತ್ತೊಂದು ದಿನ ಬೆಲ್ಲದ ಅಚ್ಚು ಮತ್ತು ಅದರ ಜೊತೆಗೆ ನಂಚಿಕೊಳ್ಳಲು ಕಡಲೆಬೀಜ. ಅವ್ವನೂ ಅಜ್ಜಿಯೂ ಒಬ್ಬರಿಗೊಬ್ಬರು ಹೇಳದೆ ಹಾಕುತ್ತಿದ್ದರು. ನಮ್ಮಲ್ಲಿ ಮನೆಯಿಂದ ಹೊರಡುವವನ ಚೀಲದಲ್ಲಿ ಜಾಗ ಕಂಡರೆ ಹೆಂಗಸರಿಗೆ ನಿದ್ದೆ ಬರುವುದಿಲ್ಲ. ಬೈಯಲಿಲ್ಲ. ತೂಗಿ ಬರೆದುಕೊಂಡೆ. ಹತ್ತು ದಿನದ ಸರಾಸರಿ, ಎರಡು ಕಿಲೋ ಆರು ನೂರು ಗ್ರಾಂ. ಈ ಅಂಕಿ ಮುಂದೆ ಕೆಲಸಕ್ಕೆ ಬಂತು.

ನಡೆಯುವುದಕ್ಕಿಂತ ಕಷ್ಟವಾದದ್ದು ನಡೆಯಲು ಬಿಡದವರು. ಮೊದಲ ದಿನವೇ ಹದಿನಾಲ್ಕು ಗಾಡಿ ನಿಂತವು. ಬೈಕು, ಟ್ರ್ಯಾಕ್ಟರ್, ಒಂದು ಸಲ ಕಬ್ಬಿನ ಲಾರಿ. ಗಾಡಿ ಹತ್ತು ಎನ್ನುತ್ತಾರೆ. ಬೇಡ, ನಡೆಯುತ್ತೇನೆ ಎಂದರೆ ಮುಖ ಸಪ್ಪಗಾಗುತ್ತದೆ. ಒಬ್ಬರಂತೂ ಹಳೆಯ ಜಗಳ ನೆನಪಿಟ್ಟುಕೊಂಡಿದ್ದೀಯಾ, ಅದನ್ನು ಮರೆತುಬಿಡು ಎಂದರು. ಅವರಿಗೂ ನನಗೂ ಜಗಳವಾದದ್ದು ನನಗೆ ಅಂದೇ ಗೊತ್ತಾದದ್ದು.

ನಾಲ್ಕನೆಯ ದಿನ ನಾನು ನಡುದಾರಿಯಲ್ಲಿರುವಾಗ ಮಳವಳ್ಳಿ ಕಡೆಯಿಂದ ಒಂದು ಬೈಕು ದೂಳೆಬ್ಬಿಸಿಕೊಂಡು ಬಂದು ಅಡ್ಡ ನಿಂತಿತು. ಅವ್ವನ ತಮ್ಮ, ನನ್ನ ಸೋದರಮಾವ. ಅಂಗಿಯ ಗುಂಡಿ ಕೂಡ ಸರಿಯಾಗಿ ಹಾಕಿರಲಿಲ್ಲ. ದೊಡ್ಡ ಚೀಲ ಹೊತ್ತು, ಯಾರ ಗಾಡಿಯನ್ನೂ ಹತ್ತದೆ, ಮುಖ ಗಂಟು ಹಾಕಿಕೊಂಡು ದಿನವೂ ಊರು ಬಿಟ್ಟು ಹೋಗುತ್ತಿದ್ದಾನೆ ಎಂದು ಯಾರೋ ಅವನಿಗೆ ಫೋನು ಮಾಡಿದ್ದರಂತೆ. ಮುಖ ಗಂಟಾಗಿದ್ದು ಬಿಸಿಲಿಗೆ.

ಮಾವ ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಪ್ಪನ ಹತ್ತಿರ ತಾನು ಮಾತಾಡುತ್ತೇನೆ, ಜಮೀನಿನ ಭಾಗದ ವಿಚಾರವಾದರೆ ಹಿರಿಯರ ಮುಂದೆ ಕೂತು ಮುಗಿಸೋಣ, ಮದುವೆಯ ವಿಚಾರವಾದರೆ ಹುಡುಗಿ ಯಾರೆಂದು ಹೇಳು, ಮೊದಲು ಗಾಡಿ ಹತ್ತು ಎಂದ. ನಾನು ನಿಧಾನವಾಗಿ, ಒಂದೊಂದೇ ಪದವಾಗಿ, ಯಾರ ಮೇಲೂ ಕೋಪವಿಲ್ಲ, ಎಲ್ಲಿಗೂ ಹೋಗುತ್ತಿಲ್ಲ, ಇದು ಬರೀ ಅಭ್ಯಾಸ ಎಂದು ಹೇಳಿದೆ.

ಮಾವನ ಕೈ ಹ್ಯಾಂಡಲ್ಲಿನಿಂದ ಜಾರಿತು.

"ಮನೆ ಬುಟ್ಟೋಗದ್ನೂ ಅಭ್ಯಾಸ ಮಾಡ್ಕತಿದ್ದೀಯೇನ್ಲಾ?"

ಐದು ಕಿಲೋ ನಾಲ್ಕು ನೂರು

ಪರೀಕ್ಷೆಯ ಭಾನುವಾರ ಬಂತು. ಈ ಸಲದ ಬೆಟ್ಟ ಹಲಗೂರಿನ ಆಚೆ. ನನ್ನದು ಒಂದು ಯೋಜನೆಯಿತ್ತು.

ಎಂಟು ಕಿಲೋ ತುಂಬಿ ಮಲಗಿದರೆ ಬೆಳಗ್ಗೆ ಅದು ಹತ್ತೂವರೆ ಕಿಲೋ ಆಗಿರುತ್ತದೆ. ಮೇಡಂ ತೂಗಿ ಮನೆಗೆ ಕಳಿಸುತ್ತಾರೆ. ಬೇಡವೆಂದು ಹೇಳಿದರೆ ಅವ್ವ ಅಜ್ಜಿ ಕೇಳುವುದಿಲ್ಲ. ಬ್ಯಾಗಿಗೆ ಬೀಗ ಹಾಕಿದರೆ ವರ್ಷಗಟ್ಟಲೆ ಮಾತು ಕೇಳಬೇಕು. ಆದ್ದರಿಂದ ಎಂಟರಲ್ಲಿ ಎರಡು ಕಿಲೋ ಆರು ನೂರು ಕಳೆದೆ. ಉಳಿದ ಐದು ಕಿಲೋ ನಾಲ್ಕು ನೂರು ಗ್ರಾಮಿಗೆ ನೀರು, ಮಳೆ ಅಂಗಿ, ಹೊದಿಕೆ, ಟಾರ್ಚು, ಔಷಧಿ ಹಾಕಿದೆ. ಊಟ ಹಾಕಲಿಲ್ಲ. ಅದು ತಾನಾಗಿಯೇ ಬರುತ್ತದೆ. ಜಾಗವನ್ನೂ ಕಣ್ಣಿಗೆ ಬೀಳುವ ಹಾಗೆ ಮೇಲುಗಡೆಯೇ ಬಿಟ್ಟೆ. ಬೇಗ ಮಲಗಿದೆ. ಹತ್ತು ದಿನದ ಸರಾಸರಿಯ ಮೇಲೆ ನನಗೆ ಪೂರ್ಣ ವಿಶ್ವಾಸವಿತ್ತು.

ಬೆಳಗ್ಗೆ ಹೊತ್ತಾಗ ಹಗುರವೆನಿಸಿತು, ಹೊಸ ಬ್ಯಾಗಿನ ಗುಣ ಎಂದುಕೊಂಡೆ. ಹಲಗೂರಿನ ಬಸ್ ನಿಲ್ದಾಣದಲ್ಲಿ ಮೇಡಂ ಕೊಕ್ಕೆಯ ತಕ್ಕಡಿ ಹಿಡಿದು ನಿಂತಿದ್ದರು. ಗಣಿತದವರದು ಒಂಬತ್ತು, ಒಂದು ಕಿಲೋ ತೆಗೆಸಿದರು. ಗ್ರಂಥಪಾಲಕರದು ಎಂಟೂವರೆ, ಪುಸ್ತಕ ತೆಗೆಸಿದರು. ನನ್ನ ಸರದಿ ಬಂತು. ಮೇಡಂ ಮುಳ್ಳು ನೋಡಿದರು, ತಕ್ಕಡಿ ಒಮ್ಮೆ ತಟ್ಟಿ ಮತ್ತೆ ನೋಡಿದರು.

"ಐದು ಕಿಲೋ ನಾಲ್ಕು ನೂರು. ಎಲ್ಲರೂ ನೋಡಿ. ಬ್ಯಾಗು ತುಂಬುವುದು ಅಂದರೆ ಹೀಗೆ."

 ಸರಾಸರಿ ಕೈಕೊಟ್ಟಿತ್ತು. ಇಡೀ ತಿಂಗಳಲ್ಲಿ ಅವರು ಏನೂ ಹಾಕದೆ ಬಿಟ್ಟ ದಿನ ಇದೊಂದೇ.

ಮೇಡಂ ಬ್ಯಾಗನ್ನು ಎಲ್ಲರಿಗೂ ತೋರಿಸಲು ಓರೆ ಮಾಡಿದರು. ಪಕ್ಕದ ಜೇಬಿನಿಂದ ಒಂದು ಚಿಟಿಕೆ ರಾಗಿ ಅವರ ಅಂಗೈಗೆ ಬಿತ್ತು. ಸಸ್ಯಶಾಸ್ತ್ರದವರಾದ್ದರಿಂದ ಇದೇನು ಎಂದು ಕೇಳಲಿಲ್ಲ. ಯಾಕೆ ಎಂದು ಕೇಳಿದರು. ಗಾತ್ರದ ಪರೀಕ್ಷೆ ಮೇಡಂ ಎಂದೆ. ಅವರು ರಾಗಿಯನ್ನು ವಾಪಸು ಜೇಬಿಗೇ ಹಾಕಿದರು. ಆ ದಿನ ನನ್ನ ಹತ್ತಿರ ಇದ್ದ ಆಹಾರ ಅಷ್ಟೇ.

ಬ್ಯಾಗು ಅದ್ಭುತವಾಗಿತ್ತು. ಭಾರ ಸೊಂಟದ ಮೇಲೆ ಕೂತು, ಹೆಗಲು ಹಗುರವಾಗಿ, ನಾನು ಎಲ್ಲರಿಗಿಂತ ಮುಂದೆ ಹತ್ತಿದೆ. ಎರಡು ಗಂಟೆಯ ನಂತರ ಹಸಿವೂ ನನ್ನ ಜೊತೆ ಮುಂದೆ ಹತ್ತಿತು. ಮೇಡಂಗೆ ಇನ್ನೊಂದು ಕಟ್ಟುನಿಟ್ಟಿತ್ತು. ಬೆಟ್ಟದಲ್ಲಿ ಪ್ರತಿಯೊಬ್ಬರೂ ತಾವು ಹೊತ್ತದ್ದನ್ನೇ ತಿನ್ನಬೇಕು, ಕೈಚಾಚಿದವರು ರಾತ್ರಿಯ ಚಾರಣಕ್ಕೆ ತಯಾರಿಲ್ಲ ಎಂದರ್ಥ. ಮಾದರಿ ಬ್ಯಾಗಿನವನೆಂದು ಎಲ್ಲರ ಮುಂದೆ ಹೊಗಳಿಸಿಕೊಂಡು, ಮೇಲೆ ಹೋಗಿ ಗಣಿತದವರ ಚಿತ್ರಾನ್ನಕ್ಕೆ ಕೈಯೊಡ್ಡುವುದು ಹೇಗೆ? ಒಡ್ಡಿದರೆ ಹೆಸರು ಹೊಡೆದುಹೋಗುತ್ತದೆ. ಒಡ್ಡದಿದ್ದರೆ ಇಳಿಯುವಾಗ ನಾನೇ ಬಿದ್ದುಹೋಗುತ್ತೇನೆ. ಸೋಮವಾರ ಕಪ್ಪುಹಲಗೆಯ ಮೇಲೆ ಏನು ಬರೆದಿರುತ್ತಾರೆ ಎಂದು ಯೋಚಿಸುತ್ತ ಕೊನೆಯ ಬಂಡೆ ಏರಿದೆ.

ಬೆಟ್ಟದ ತುದಿಯಲ್ಲಿ ಒಂದು ಗುಡಿ, ಮುಂದೆ ಕಲ್ಲಿನ ಮಂಟಪ. ಮಂಟಪದಲ್ಲಿ ಅಪ್ಪ ಕಾಲು ಚಾಚಿ ಕುಳಿತಿದ್ದ. ಪಕ್ಕದಲ್ಲಿ ಅವ್ವ, ಅಜ್ಜಿ. ಎದುರಿಗೆ ಬಟ್ಟೆ ಸುತ್ತಿದ ದೊಡ್ಡ ಡಬರಿ, ಒಂದು ಕ್ಯಾನು, ಬಾಳೆ ಎಲೆಯ ಕಟ್ಟು. ಗುಡಿಯ ಹಿಂದೆ ಮಾವನ ಗೂಡ್ಸ್ ಆಟೋ.

ಬೆಟ್ಟದ ಹಿಂಬದಿಯಿಂದ ಗುಡಿಯವರೆಗೆ ಡಾಂಬರು ರಸ್ತೆಯಿದೆ. ಇದು ಮೇಡಂಗೆ ಗೊತ್ತಿತ್ತು, ನಮಗೆ ಹೇಳಿರಲಿಲ್ಲ. ಹನ್ನೊಂದು ಜನ ಅಧ್ಯಾಪಕರು, ನಾಲ್ಕು ಗಂಟೆ ಹತ್ತಿ ಬಂದವರು, ಆ ರಸ್ತೆಯನ್ನೂ ಆಟೋವನ್ನೂ ಮೇಡಂ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಮೇಡಂ ದೂರದ ಒಂದು ಗಿಡವನ್ನು ನೋಡುತ್ತಿದ್ದರು.

ಬ್ಯಾಗಿಗೆ ಇವತ್ತೊಂದು ದಿನ ಏನೂ ಹಾಕಲಿಲ್ಲ ಏಕೆ ಎಂದು ಅಪ್ಪನನ್ನು ಪಿಸುಮಾತಿನಲ್ಲಿ ಕೇಳಿದೆ. ಏರು ದಾರಿಗೆ ಹೊರಡುವ ಎತ್ತಿಗೆ ಯಾರಾದರೂ ಹೆಚ್ಚು ಹೇರುತ್ತಾರೆಯೇ, ನಾನೇ ಇಬ್ಬರಿಗೂ ಗದರಿಸಿ ಸುಮ್ಮನಿರಿಸಿದೆ ಎಂದ. ಇವನು ಹಾಕಬೇಡಿ ಎಂದ ಅಂತ ಮಗುವನ್ನು ಉಪವಾಸ ಬಿಡಲು ಆಗುತ್ತದೆಯೇ, ಅದಕ್ಕೇ ನಾವೇ ಹೊತ್ತು ತಂದೆವು ಎಂದು ಅಜ್ಜಿ ಸೇರಿಸಿದಳು.

ಮೇಡಂ ನಿಯಮದ ಮಾತು ಎತ್ತಿದರು. ತಾವು ಹೊತ್ತದ್ದನ್ನೇ ತಿನ್ನಬೇಕು ಎಂದು ಅಜ್ಜಿಗೆ ನಯವಾಗಿ ವಿವರಿಸಿದರು. ಅಜ್ಜಿ ಡಬರಿಯ ಬಟ್ಟೆ ಬಿಚ್ಚಿ, ಹಬೆಯಾಡುವ ಮುದ್ದೆ ತೋರಿಸಿದಳು.

"ಇದೂ ಅವ್ನು ಒತ್ತಿದ್ ರಾಗೀನೇ ಕಣವ್ವ. ಆ ಬ್ಯಾಗ್ನಲ್ಲೇ ಇತ್ತು. ನಾನೇ ಅಳ್ದಿದ್ದು."

ಬ್ಯಾಗಿನಲ್ಲಿತ್ತು, ಅವಳೇ ಅಳೆದದ್ದು ಎನ್ನುವ ಮಟ್ಟಿಗೆ ಅದು ಅಕ್ಷರಶಃ ನಿಜವಾಗಿತ್ತು. ಮೇಡಂ ನನ್ನನ್ನು ನೋಡಿದರು. ನಾನು ನೋಟ್‌ಬುಕ್ಕು ತೆಗೆದು, ಲಾಭ ಎಂದು ಬರೆದಿದ್ದ ಪುಟ ತೋರಿಸಿದೆ. ಬಸ್ಸಾರಿನ ವಾಸನೆಯೂ ಅದೇ ಸಮಯಕ್ಕೆ ಗಾಳಿಯಲ್ಲಿ ಬಂತು. ಮೇಡಂ ತಮ್ಮ ಖರ್ಜೂರದ ಡಬ್ಬಿ ಮುಚ್ಚಿ ಎಲೆಯ ಮುಂದೆ ಕುಳಿತರು. ಎರಡು ಮುದ್ದೆ ಉಂಡರು. ಅಜ್ಜಿ ಸವರಿ ಬಡಿಸುವವಳಲ್ಲವಾದ್ದರಿಂದ ಅದನ್ನು ಮೂರೆಂದೇ ಹಿಡಿಯಬೇಕು.

ಊಟದ ಮೇಲೆ ಅಪ್ಪ ಮಂಟಪದ ಗೋಡೆಗೆ ಒರಗಿಸಿದ್ದ ಬ್ಯಾಗುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತ ಬಂದ. ಮೇಡಂ ಬ್ಯಾಗಿನ ಹತ್ತಿರ ನಿಂತ. ಎರಡು ಬೆರಳಲ್ಲಿ ಎತ್ತಿದ, ತೂಗಾಡಿಸಿದ.

"ಮೇಡಮ್ಮೋರೆ, ಇದು ಇಂಭಾರ ಆಗದೆ. ಎಗ್ಲು ನೋಯ್ತದೋ ಇಲ್ವೋ ಏಳಿ."

ಮೇಡಂ ಆರು ವರ್ಷದಿಂದ ನೋಯುತ್ತಿದೆ ಎಂದರು. ಅದನ್ನು ಅವರು ನಮಗೆ ಯಾರಿಗೂ ಹೇಳಿರಲಿಲ್ಲ. ಅಪ್ಪ ಬ್ಯಾಗನ್ನು ಪೂರ್ತಿ ಬರಿದು ಮಾಡಿದ. ನೀರಿನ ಬಾಟಲಿಗಳನ್ನು ಬೆನ್ನಿಗೆ ಒತ್ತುವಂತೆ ನಡುವೆ ಇಟ್ಟ, ಹೊದಿಕೆಯನ್ನು ಅಡಿಗೆ, ಹಗುರದ್ದನ್ನು ಹೊರಬದಿಗೆ. ಅವರನ್ನು ನಿಲ್ಲಿಸಿ ಪಟ್ಟಿ ಎಳೆದು ಬಿಗಿದ. ನಾಲ್ಕು ಹೆಜ್ಜೆ ನಡೆಯಲು ಹೇಳಿ, ಪಕ್ಕಕ್ಕೆ ಬಗ್ಗಿ ಕಾಲು ಬೀಳುವುದನ್ನು ಗಮನಿಸಿದ. ಹಲ್ಲಿನ ಮಾತು ಎತ್ತದೆ ಅಲ್ಲಿಗೇ ನಿಲ್ಲಿಸಿದ, ನನಗೆ ಜೀವ ಬಂತು. ಆಮೇಲೆ ಗಣಿತದವರು ತಮ್ಮ ಬ್ಯಾಗು ತಂದರು. ಗ್ರಂಥಪಾಲಕರು ಅವರ ಹಿಂದೆ ನಿಂತರು. ಸಾಲು ಗುಡಿಯ ಬಾಗಿಲಿನವರೆಗೆ ಬೆಳೆಯಿತು.

ಇಳಿಯುವಾಗ ಮೇಡಂ ಒಮ್ಮೆಯೂ ಹೆಗಲು ಹಿಡಿದುಕೊಳ್ಳಲಿಲ್ಲ. ನಾನೂ ಬ್ಯಾಗನ್ನು ಯಾರ ಕೈಗೂ ಕೊಡದೆ ಇಳಿದೆ. ಪಾಸಾದೆನೋ ಇಲ್ಲವೋ ಎಂದು ಕೇಳಿದೆ. ಪಟ್ಟಿ ಬರುತ್ತದೆ ಎಂದಷ್ಟೇ ಹೇಳಿದರು.

ಸೋಮವಾರ ಬೆಳಗ್ಗೆ ಮೊಬೈಲಿಗೆ ಪಟ್ಟಿ ಬಂತು. ಹನ್ನೊಂದು ಹೆಸರು ಓದಿದೆ. ನನ್ನದಿರಲಿಲ್ಲ. ಹನ್ನೆರಡನೆಯದು ಅಪ್ಪನ ಹೆಸರು, ಮುಂದೆ "ಬ್ಯಾಗ್ ಜೋಡಣೆ" ಎಂದಿತ್ತು. ಅದರ ಕೆಳಗೆ ಅಂಕಿಯಿಲ್ಲದ ಇನ್ನೊಂದು ಸಾಲು.

"ಇವರ ಬ್ಯಾಗು ಹೊರಲು, ಮಗ."

ತರಗತಿಗೆ ಹೋದೆ. ಎಲ್ಲರೂ ಎದ್ದು ವಿನಯದಿಂದ ನಮಸ್ಕಾರ ಹೇಳಿದರು. ನಮ್ಮೂರಿನ ಹುಡುಗಿ ಕಿಟಕಿಯ ಆಚೆ ನೋಡುತ್ತಿದ್ದಳು. ಕಪ್ಪುಹಲಗೆಯ ಮೇಲೆ ಬದನೆಕಾಯಿ ಇರಲಿಲ್ಲ. ಇಳಿಜಾರನ್ನು ಏರುತ್ತಿರುವ ಒಂದು ಎತ್ತು. ಬೆನ್ನ ಮೇಲೆ ಎರಡು ಬ್ಯಾಗು. ಬಾಣದ ಗುರುತುಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಭಾರ ಎಲ್ಲಿಯೂ ಹಿಂದಕ್ಕೆ ಎಳೆಯುತ್ತಿರಲಿಲ್ಲ.

ಅಳಿಸದೆ, ಅದರ ಪಕ್ಕದಲ್ಲೇ ಪಾಠ ಮುಂದುವರಿಸಿದೆ.